ಇಂಜಿನ್ನಿನ ಬಾಣಂತನ

ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತು. ಕೆಲವರನ್ನು ಮೀಸೆಯಿಂದ ಗುರುತು ಹಿಡಿಯುತ್ತಾರೆ, ಕೆಲವರನ್ನು ಕೆಮ್ಮಿನಿಂದ, ಪುಣ್ಯವಂತರಾದರೆ ಮಾಡಿದ ಉಪಕಾರದಿಂದ. ನನ್ನನ್ನು ಮಾತ್ರ ಬಸವಕಲ್ಯಾಣದ ಜನ ಹೊಗೆಯಿಂದ ಗುರುತು ಹಿಡಿಯುತ್ತಿದ್ದರು. ನಾನು ಬೀಡಿ ಸೇದುವವನಲ್ಲ. ಸೇದುತ್ತಿದ್ದದ್ದು ನನ್ನ ಕಾರು. ಮಗಳು ಸುವರ್ಣಾ ಐದನೆಯ ಇಯತ್ತೆಯಲ್ಲಿದ್ದಾಗ ತೆಗೆದುಕೊಂಡ ಆ ಡೀಸೆಲ್ ಕಾರು, ನನ್ನ ಬಾಂಡೆ ಅಂಗಡಿಯ ಕೊಡ, ಕೊಳಗ, ಹಂಡೆಗಳನ್ನು ಹೊತ್ತೂ ಹೊತ್ತೂ ಮುಪ್ಪಾಗಿತ್ತು. ಡೀಸೆಲನ್ನು ಹಿತಮಿತವಾಗಿ ಕುಡಿದರೂ ಇಂಜಿನ್ ಎಣ್ಣೆಯನ್ನು ಮಾತ್ರ ಹಬ್ಬದೂಟದ ತುಪ್ಪದಂತೆ ಸುರಿದುಕೊಂಡು, ಹಿಂದಿನಿಂದ ನೀಲಿ ಹೊಗೆ ಬಿಡುತ್ತಿತ್ತು. ಅದರ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ನನ್ನ ಹೆಂಡತಿ ಮಹಾದೇವಿ ಚಹಾಕ್ಕೆ ನೀರಿಡುತ್ತಿದ್ದಳು. ಹೊಗೆ ಕಂಡ ಕೂಡಲೇ ಎದುರುಮನೆಯ ಕಾಶಮ್ಮ ಬೀದಿಯಲ್ಲಿ ಒಣಹಾಕಿದ ಸಂಡಿಗೆಯನ್ನು ಚಾಪೆ ಸಮೇತ ಎತ್ತಿಕೊಂಡು ಒಳಗೆ ಓಡುತ್ತಿದ್ದಳು. ನಾನು ಗಾಡಿಯಿಂದ ಇಳಿಯುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು, ಚಹಾ ಕುದಿಯುತ್ತಿರುತ್ತಿತ್ತು, ಬೀದಿ ಖಾಲಿಯಾಗಿರುತ್ತಿತ್ತು. ಹಿಂದಿನ ನವಾಬರಿಗೂ ಇಷ್ಟು ಮರ್ಯಾದೆ ಸಿಕ್ಕಿತ್ತೋ ಇಲ್ಲವೋ. ಇದೆಲ್ಲ ನನ್ನ ಮೇಲಿನ ಗೌರವ ಎಂದೇ ನಾನು ನಂಬಿದ್ದೆ.

ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವರು ಹುಮನಾಬಾದದ ನಮ್ಮ ಬೀಗಿತ್ತಿ, ಅಂದರೆ ಸುವರ್ಣಾಳ ಅತ್ತೆ, ಕಸ್ತೂರಿಬಾಯಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ದಿನ ತುಂಬುವ ಮೊದಲೇ ಮಗಳನ್ನು ಕರೆತರೋಣವೆಂದು ನಾನು ಗಾಡಿ ಒಯ್ದಿದ್ದೆ. ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ಒಮ್ಮೆ ಗಾಡಿಯನ್ನೂ ಒಮ್ಮೆ ಸೊಸೆಯ ಹೊಟ್ಟೆಯನ್ನೂ ನೋಡಿದರು.

“ಬೀಗ್ರ, ತಪ್ಪ ತಿಳ್ಕೋಬ್ಯಾಡ್ರಿ. ಡಾಕ್ಟರು ಇಲ್ಲೇ ಮನಿ ಹತ್ರ ಅದಾರ, ಹೆರಿಗಿ ಇಲ್ಲೇ ಆಗ್ಲಿ. ಬಾಣಂತನಕ್ಕ ನಿಮ್ಮನಿಗೇ ಕಳಸ್ತೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಈ ಹೊಗಿ ಗಾಡ್ಯಾಗ ಮಾತ್ರ ನನ್ನ ಮಮ್ಮಗನ ಕಳಸಂಗಿಲ್ಲ ನೋಡ್ರಿ. ಬೇಕಾದ್ರ ನಮ್ಮ ಗಾಡ್ಯಾಗ ನಾವೇ ತಂದು ಬಿಡ್ತೀವಿ.”

ಮೊಮ್ಮಗನೇ ಆಗುತ್ತಾನೆಂದು ಅವರು ಖಾತ್ರಿ ಮಾಡಿಕೊಂಡಿದ್ದರು. ಆಮೇಲೆ ಹುಟ್ಟಿದ್ದು ಮೊಮ್ಮಗಳು. ಆದರೆ ಹೊಗೆಯ ಕಟ್ಟಳೆ ಮಾತ್ರ ಬದಲಾಗಲಿಲ್ಲ. ಈಗ ಹೇಳಿ, ಬಾಣಂತಿಯನ್ನು ತವರಿನವರು ಹೋಗಿ ಕರೆತರಬೇಕೇ ಹೊರತು ಬೀಗರೇ ತಂದು ಬಾಗಿಲಲ್ಲಿ ಇಳಿಸಿ ಹೋದರೆ ನಮ್ಮ ಓಣಿಯವರು ಬಿಡುತ್ತಾರೆಯೇ? ಮುಂದಿನ ನಾಲ್ಕು ಮದುವೆಯ ಪಂಕ್ತಿಗಳಲ್ಲಿ ಬದನೆಕಾಯಿ ಪಲ್ಯದ ಜೊತೆಗೆ ಅದನ್ನೇ ನಂಜಿಕೊಳ್ಳುತ್ತಾರೆ. “ಒಂದ್ ಬಾಡಿಗಿ ಗಾಡಿ ತಗೊಂಡು ಹೋಗ್ರಿ, ಎಲ್ಲಾ ಮುಗೀತದ” ಎಂದಳು ಮಹಾದೇವಿ. ನನಗೆ ಒಪ್ಪಿಗೆಯಾಗಲಿಲ್ಲ. ಸುವರ್ಣಾ ಸಾಲಿಗೆ ಹೋದದ್ದು ಈ ಗಾಡಿಯಲ್ಲಿ, ಪರೀಕ್ಷೆಗೆ ಹೋದದ್ದು ಈ ಗಾಡಿಯಲ್ಲಿ, ಮದುವೆಯಾಗಿ ಅತ್ತುಕೊಂಡು ಹುಮನಾಬಾದಕ್ಕೆ ಹೋದದ್ದೂ ಇದೇ ಗಾಡಿಯಲ್ಲಿ. ಕೂಸನ್ನು ಎತ್ತಿಕೊಂಡು ನಗುತ್ತ ಬರುವುದೂ ಇದರಲ್ಲಿಯೇ ಆಗಬೇಕು ಎಂದು ನನ್ನ ಜೀವ ಹೇಳುತ್ತಿತ್ತು. ಹಟ ಅಂದರೆ ಹಟವೇ. ಬಸವಕಲ್ಯಾಣಕ್ಕೆ ಮರಳಿದ ದಿನವೇ ಗಾಡಿಯನ್ನು ಗೌಸ್ ಮಿಸ್ತ್ರಿಯ ಶೆಡ್ಡಿಗೆ ನೂಕಿದೆ.

ಗೌಸ್ ಮಿಸ್ತ್ರಿ ನಮ್ಮೂರಿನ ಹಳೆಯ ಗಾಡಿಗಳಿಗೆಲ್ಲ ದೊಡ್ಡ ಡಾಕ್ಟರು. ಅವನ ಕೆಲಸ ಚೆನ್ನ, ಮಾತು ಅದಕ್ಕಿಂತ ಚೆನ್ನ, ಕೊಟ್ಟ ವಾಯಿದೆ ಮಾತ್ರ ಯಾವತ್ತೂ ನಿಲ್ಲುವುದಿಲ್ಲ. ಇಂಜಿನ್ನನ್ನು ಇಳಿಸಿ, ಬಿಚ್ಚಿ, ಗೋಣಿತಟ್ಟಿನ ಮೇಲೆ ಹರವಿದಾಗ ಹೋಗಿ ನೋಡಿದೆ. ಅಷ್ಟೊಂದು ಸಾಮಾನು ಒಂದು ಬಾನೆಟ್ಟಿನ ಕೆಳಗೆ ಸಂಸಾರ ಮಾಡಿಕೊಂಡಿತ್ತೆಂದು ನಂಬಲಾಗಲಿಲ್ಲ. “ಸಾವಕಾರ್ರ, ಫಿಕರ್ ಮಾಡಬ್ಯಾಡ್ರಿ. ಹೊಸ ಪಿಸ್ಟನ್, ಹೊಸ ರಿಂಗ್. ಕಂಪನಿಯವ್ರು ಬಂದು ನೋಡಿದ್ರ ನಾಚಬೇಕು, ಹಂಗ ಮಾಡಿ ಕೊಡ್ತೀನಿ” ಎಂದ. ಅವನು ಮಾಡಿ ಕೊಡುವಷ್ಟರಲ್ಲಿ ಹುಮನಾಬಾದದಲ್ಲಿ ಹೆರಿಗೆಯಾಯಿತು, ತಾಯಿ ಮಗು ಸುಖವಾಗಿದ್ದರು, ನಾವು ಬಸ್ಸಿನಲ್ಲಿ ಹೋಗಿ ತೊಟ್ಟಿಲು ತೂಗಿ ಬಸ್ಸಿನಲ್ಲಿಯೇ ಬಂದೆವು. ಮಗಳನ್ನು ಕಳಿಸುವ ಸೋಮವಾರವನ್ನೂ ಬೀಗರು ಗೊತ್ತು ಮಾಡಿದರು. ಅದಕ್ಕೆ ಮೂರು ವಾರ ಇದೆ ಎನ್ನುವಾಗ ಗಾಡಿ ಕೈಗೆ ಬಂತು.

ಆ ದಿನ ಗಾಲಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಊದುಬತ್ತಿ ಬೆಳಗಿದ್ದು ನನ್ನ ಮುಡಬಿ ಅತ್ತಿ. ಇವಳು ನನ್ನ ತಂದೆಯ ತಂಗಿ, ಮುಡಬಿಗೆ ಕೊಟ್ಟವಳು. ನಮ್ಮ ಬಳಗದಲ್ಲಿ ಯಾರು ಹೆತ್ತರೂ ಬಾಣಂತನಕ್ಕೆ ಇವಳೇ ಬರಬೇಕು. ಸುವರ್ಣಾಳಿಗಾಗಿ ಖಾರದ ಪುಡಿ, ಅಂಟಿನುಂಡೆಯ ಸಾಮಾನು, ಬಜೆ, ಲೋಬಾನ ಎಲ್ಲ ಕಟ್ಟಿಕೊಂಡು ಮೊದಲೇ ಬಂದು ಕೂತಿದ್ದಳು. ಬಾಣಂತಿ ಮಾತ್ರ ಬಂದಿರಲಿಲ್ಲ. ಕೆಲಸವಿಲ್ಲದೆ ಅತ್ತಿಯ ಕೈ ತುರಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಗೌಸ್ ಅವಳ ಎದುರಿಗೇ ನನಗೆ ಪಥ್ಯ ಹೇಳತೊಡಗಿದ.

“ಸಾವಕಾರ್ರ, ಒಳಗಿಂದೆಲ್ಲಾ ಹೊಸದಾಗ್ಯಾದ. ಈಗ ಭಾಳ ನಾಜೂಕ ಅದ. ಬೆಳಿಗ್ಗಿ ಎದ್ದ ಕೂಡಲೇ ದುಡಸಬ್ಯಾಡ್ರಿ, ಜರಾ ಬೆಚ್ಚಗಾಗ್ಲಿ. ವಜನ ಹೊರಸಬ್ಯಾಡ್ರಿ. ಮುಳ್ಳು ಐವತ್ತರ ಮ್ಯಾಲ ಹೋಗಬಾರದು. ಎಣ್ಣಿ ಜಲ್ದಿ ಬದಲಿ ಮಾಡಬೇಕು. ದಿನಾ ಹುಮನಾಬಾದ ರಸ್ತಾದಾಗ ಒಂದು ಸುತ್ತು ಹೊಡಕೊಂಡು ಬರ್ರಿ.”

ಅತ್ತಿ ಕಣ್ಣರಳಿಸಿ ಕೇಳಿದಳು: “ಬೆಚ್ಚಗಿರಬೇಕು, ವಜನ ಎತ್ತಬಾರದು, ಎಣ್ಣಿ ಹಚ್ಚಬೇಕು. ಅಂದ್ರ ಬಾಣಂತಿ ಅನ್ನಲ್ಲೋ ಗೌಸ್ಯಾ!”

“ಹೌದವ್ವ, ಹಂಗೇ ತಿಳ್ಕೊ” ಎಂದುಬಿಟ್ಟ ಗೌಸ್. ದೊಡ್ಡವರ ಮಾತಿಗೆ ಇಲ್ಲವೆನ್ನಬಾರದೆಂಬ ಸೌಜನ್ಯ ಅವನದು. ಅದರ ಫಲ ಉಂಡವನು ನಾನು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಬಾನೆಟ್ಟಿನ ಮೇಲೆ ಹಳೆಯ ಕೌದಿ ಹೊದಿಸಿತ್ತು. ಮುಂದಿನ ಬಂಪರಿನ ಎಡಗಡೆ, ಕೂಸಿನ ಗಲ್ಲಕ್ಕೆ ಇಡುವಂತೆ, ಕಾಡಿಗೆಯ ದೃಷ್ಟಿಬೊಟ್ಟು ಇತ್ತು. ಸ್ಟೇರಿಂಗಿಗೆ ಕರಿದಾರದಲ್ಲಿ ಬಜೆಯ ತುಂಡು ನೇತಾಡುತ್ತಿತ್ತು. ಗಾಡಿ ತೊಳೆಯಲು ನಾನು ತಣ್ಣೀರಿನ ಬಕೆಟ್ಟು ಎತ್ತಿದರೆ ಅತ್ತಿ ಕಸಿದುಕೊಂಡು, “ಥಂಡಿ ಹಿಡದ್ರ ನಿಮ್ಮಪ್ಪ ಬಂದು ನೋಡ್ತಾನೇನು?” ಎಂದು ಉಗುರುಬೆಚ್ಚಗಿನ ನೀರು ತಂದುಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ಗಾಡಿಯನ್ನು ಹೊರಗೆ ಒಯ್ಯುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದೆಂದರೆ ಸಂಜೆಯ ಲೋಬಾನ. ಬಾನೆಟ್ಟು ಎತ್ತಿಸಿ, ಕೆಂಡದ ಮಡಕೆಯಲ್ಲಿ ಲೋಬಾನ ಉದುರಿಸಿ, ಇಂಜಿನ್ನಿಗೆ ಮೂರು ಸುತ್ತು ಹೊಗೆ ಹಿಡಿಯುತ್ತಿದ್ದಳು. ಡೀಸೆಲ್ ಗಾಡಿಯ ಹತ್ತಿರ ಕೆಂಡ ಕಂಡು ಮಹಾದೇವಿ ಒಂದು ಕೊಡ ನೀರು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದಳು. ನೋಡಿದವರಿಗೆ ಅದೂ ಪೂಜೆಯ ಒಂದು ಅಂಗದಂತೆ ಕಾಣುತ್ತಿತ್ತು. ನಾನು ಇದನ್ನೆಲ್ಲ ಬೇಡವೆನ್ನಬಹುದಿತ್ತು. ಖರೆ ಹೇಳಬೇಕೆಂದರೆ, ನನಗೂ ಒಳಗೊಳಗೆ ಅಂಜಿಕೆ. ಹೊಗೆ ಹೋಗುವುದಾದರೆ ಮಿಸ್ತ್ರಿಯಿಂದ ಹೋದರೇನು, ಅತ್ತಿಯಿಂದ ಹೋದರೇನು ಎಂದು ಸುಮ್ಮನಿದ್ದೆ.

ಇಷ್ಟೆಲ್ಲ ನೋಡಿದ ಮೇಲೆ ರಸ್ತೆಯಲ್ಲಿ ನನ್ನ ಕಾಲು ಪೆಡಲಿನ ಮೇಲೆ ಊರಲೇ ಇಲ್ಲ. ಮಿಸ್ತ್ರಿ ಐವತ್ತು ಎಂದಿದ್ದ, ನಾನು ಮೂವತ್ತಕ್ಕೇ ಕೈಮುಗಿದೆ. ಬಂಗ್ಲಾ ಕ್ರಾಸ್ ದಾಟಿ ದೊಡ್ಡ ರಸ್ತೆಗೆ ಬಿದ್ದರೆ ಸೋಲಾಪುರದ ಕಡೆಯಿಂದ ಬರುವ ಲಾರಿಗಳು ನನ್ನ ಬೆನ್ನಿಗೆ ಬಂದು ಹಾರ್ನ್ ಹೊಡೆದೂ ಹೊಡೆದೂ ಬೇಸತ್ತು ಮುಂದೆ ಹೋಗುತ್ತಿದ್ದವು. ಕಬ್ಬು ತುಂಬಿದ ಟ್ರ್ಯಾಕ್ಟರು ಕೂಡ ಹಾಡು ಹಾಕಿಕೊಂಡು ನನ್ನನ್ನು ಹಿಂದೆ ಹಾಕಿತು. ಅದರ ಡ್ರೈವರು ಹೋಗುವಾಗ ನನ್ನ ಕಡೆ ನೋಡಿ ಕನಿಕರದಿಂದ ತಲೆಯಾಡಿಸಿದ. ಘಾಟಬೋರಾಳದ ನನ್ನ ಗಿರಾಕಿಯೊಬ್ಬ ಮೋಟಾರ್ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದು, ಬಹಳ ಹೊತ್ತು ಜೊತೆಗೇ ನಡೆಸಿ, ಕೊನೆಗೆ ದನಿ ತಗ್ಗಿಸಿ ಕೇಳಿದ: “ಸಾವಕಾರ್ರ, ಮನ್ಯಾಗ ಯಾರಿಗರ ಸೀರಿಯಸ್ ಅದ ಏನ್ರಿ?” ಇಲ್ಲ, ಇಂಜಿನ್ನು ಹೊಸದು ಎಂದೆ. ಅವನು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದ. ದೃಷ್ಟಿಬೊಟ್ಟನ್ನೂ ನೋಡಿದ. ಹೊರಟೇಹೋದ.

ಇಲ್ಲಿ ನನ್ನ ವ್ಯಾಪಾರದ ಒಂದು ಮಾತು ಹೇಳಬೇಕು. ನಮ್ಮ ಅಂಗಡಿಯಲ್ಲಿ ಜೋಳದ ರೊಟ್ಟಿ ಸುಡುವ ಕಬ್ಬಿಣದ ಹಂಚು ಬಹಳ ಖರ್ಚಾಗುತ್ತದೆ. ಹೊಸ ಹಂಚು ಒಯ್ದ ಹೆಣ್ಣುಮಕ್ಕಳಲ್ಲಿ ಕೆಲವರು ವಾರ ಕಳೆಯುವುದರೊಳಗೆ ತಿರುಗಿ ತರುತ್ತಾರೆ. “ರೊಟ್ಟಿ ಹಂಚಿಗಿ ಹತ್ತಾಕತ್ತದ, ಬದಲಿ ಮಾಡಿ ಕೊಡ್ರಿ” ಎಂದು ಜಗಳ. ಆಗ ನಾನು ಗಾದಿಯ ಮೇಲೆ ಸರಿಯಾಗಿ ಕೂತು ಉಪದೇಶ ಮಾಡುತ್ತೇನೆ: “ತಂಗಿ, ಹಂಚು ಒಮ್ಮೆಗೇ ಪಳಗಂಗಿಲ್ಲ. ಸಣ್ಣ ಉರಿ ಇಟ್ಟು ಸವರಿದ್ರೂ ಪಳಗಂಗಿಲ್ಲ. ಉರಿ ತೋರಿಸು, ಎಣ್ಣಿ ತೋರಿಸು, ದಿನಾ ನಾಕ್ ರೊಟ್ಟಿ ಬಡಿ. ತಾನೇ ಹದಕ್ಕ ಬರ್ತದ.” ಈ ಉಪದೇಶವನ್ನು ನಾನು ಮೂವತ್ತು ವರ್ಷದಿಂದ ಮಾಡುತ್ತ ಬಂದಿದ್ದೇನೆ. ದಿನಾ ಬೆಳಿಗ್ಗೆ ಮೂವತ್ತರ ವೇಗದಲ್ಲಿ ಒಂದು ಸುತ್ತು ಹೊಡೆದು ಬಂದು, ಅಂಗಡಿಯಲ್ಲಿ ಕೂತು, ಇದೇ ಮಾತನ್ನು ಹೇಳುತ್ತಿದ್ದೆ. ಎರಡಕ್ಕೂ ಏನಾದರೂ ಸಂಬಂಧ ಇದ್ದೀತೆಂದು ನನ್ನ ತಲೆಗೆ ಹೊಳೆಯಲಿಲ್ಲ.

ಹುಮನಾಬಾದದಿಂದ ಫೋನು ಬಂದದ್ದು ಆಗ. ಎದುರುಮನೆಯ ಕಾಶಮ್ಮನ ತಂಗಿಯನ್ನು ಕೊಟ್ಟದ್ದು ಬೀಗರ ಮನೆಯ ಹಿಂದಿನ ಓಣಿಗೆ. ಕಾಶಮ್ಮ ಸಂಜೆಯ ಲೋಬಾನವನ್ನು ತನ್ನ ಕಟ್ಟೆಯ ಮೇಲೆ ಕೂತು ನೋಡಿದ್ದಾಳೆ, ತಂಗಿಗೆ ಹೇಳಿದ್ದಾಳೆ, ತಂಗಿ ನಲ್ಲಿಯ ಹತ್ತಿರ ಕಸ್ತೂರಿಬಾಯಿಗೆ ಹೇಳಿದ್ದಾಳೆ. “ಬೀಗ್ರ, ಇಂಜಿನ್ ಮಾಡಿಸಿದ್ರೂ ದಿನಾ ಸಂಜಿಮುಂದ ಮುಂದಿನಿಂದ ಹೊಗಿ ಬರಾಕತ್ತದಂತ? ಮದಲ ಹಿಂದಿನಿಂದರೇ ಬರ್ತಿತ್ತು! ನಾ ನಮ್ಮ ಗಾಡಿ ತಯಾರ್ ಮಾಡಸ್ತೀನಿ, ನೀವ್ ತ್ರಾಸ ತಗೋಬ್ಯಾಡ್ರಿ.” ಅದು ಲೋಬಾನದ ಹೊಗೆ ಎಂದೆ. “ಗಾಡಿಗಿ ಲೋಬಾನ?” ಎಂದರು ಬೀಗಿತ್ತಿ. ಹುಚ್ಚರ ಮನೆಗೆ ಮೊಮ್ಮಗಳನ್ನು ಕಳಿಸುತ್ತಿದ್ದೇವೆಯೇ ಎಂದು ಯೋಚಿಸಿದಂತಿತ್ತು ಆ ದನಿ.

ಅನುಮಾನ ಬಂದು ಮರುದಿನ ಗಾಡಿಯನ್ನು ಚಾಲೂ ಮಾಡಿ ಹಿಂದೆ ಹೋಗಿ ಬಗ್ಗಿ ನೋಡಿದೆ. ತೆಳ್ಳಗೆ, ಇದೆಯೋ ಇಲ್ಲವೋ ಎನ್ನುವಂತೆ, ಅದೇ ಹಳೆಯ ನೀಲಿ ಹೊಗೆ. ಅಂಗಡಿಯನ್ನೂ ತೆರೆಯದೆ ಗೌಸನ ಶೆಡ್ಡಿಗೆ ಹೋದೆ.

“ಎಷ್ಟರಾಗ ಹೊಡಿಯಾಕತ್ತೀರಿ?” ಎಂದ.

“ಮೂವತ್ತು.”

“ಅಲ್ಲಾ! ಹೆಣ ಒಯ್ಯಾಕತ್ತೀರೇನ್ರಿ? ಇಷ್ಟು ಲಾಡ ಮುದ್ದು ಮಾಡಿದ್ರ ರಿಂಗ್ ಹ್ಯಾಂಗ ಕೂಡ್ತಾವ? ಅವು ಸಿಲಿಂಡರಿನ ಗ್ವಾಡಿಗಿ ಒತ್ತಿ ಉಜ್ಜಬೇಕು, ಉಜ್ಜಿ ಉಜ್ಜಿ ಜೋಡಿ ಆಗಬೇಕು, ಇಲ್ಲಂದ್ರ ಸಂದಿನಾಗ ಎಣ್ಣಿ ಏರಿ ಸುಟ್ಟು ಹೊಗಿ ಬರ್ತದ. ಒಮ್ಮೆ ಎಳೀರಿ, ಒಮ್ಮೆ ಬಿಡ್ರಿ. ಏರು ಹತ್ತಸ್ರಿ. ನಾಕ್ ಮಂದಿ ಕೂಡಸ್ರಿ.”

“ನೀನೇ ವಜನ ಬ್ಯಾಡ ಅಂದಿದ್ದೆಲ್ಲೋ!”

“ಅದು ಆಗ ಅಂದಿದ್ದೆ. ಇದು ಈಗ ಅನ್ನಾಕತ್ತೀನಿ” ಎಂದು ಗೌಸ್ ಬೇರೆ ಗಾಡಿಯ ಕೆಳಗೆ ತೂರಿಕೊಂಡ. ಎರಡು ಮಾತಿನ ನಡುವಿನ ದಾರಿಯನ್ನು ಗಿರಾಕಿಯೇ ಹುಡುಕಿಕೊಳ್ಳಬೇಕೆಂಬುದು ಅವನ ಧೋರಣೆ. ಅಲ್ಲೇ ನಿಂತಾಗ ನನಗೆ ಹಂಚು ನೆನಪಾಯಿತು. ಮೂವತ್ತು ವರ್ಷ ಹೇಳಿದ ಬುದ್ಧಿ ನನ್ನ ಮನೆಯ ಅಂಗಳದ ತನಕ ಬಂದಿರಲಿಲ್ಲ.

ಮನೆಗೆ ಬಂದು ಅಂಜುತ್ತ ಅಂಜುತ್ತ ಅತ್ತಿಗೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆಂದುಕೊಂಡರೆ, “ಖರೆನೇ ಹೇಳ್ಯಾನ. ಬಾಣಂತಿನ್ನ ಎಷ್ಟು ದಿನ ಹೊರಸಿನ ಮ್ಯಾಲ ಕೂಡಸ್ತಿ? ಜರಾ ಅಡ್ಡಾಡಿದ್ರ ಉಂಡದ್ದು ಮೈಗಿ ಹತ್ತತದ. ನಾ ಮದಲಿಂದ ಅದನ್ನೇ ಹೇಳಾಕತ್ತೀನಿ, ನೀನೇ ಕೇಳಲಿಲ್ಲ” ಎಂದು ಕೌದಿ ಕಿತ್ತು ಮಡಚಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ತಾನೇ ವಜನವಾಗಿ ಹಿಂದಿನ ಸೀಟಿನಲ್ಲಿ ಕೂತಳು. ಮಹಾದೇವಿಯನ್ನೂ ಕೂರಿಸಿದಳು. “ಸುದ್ದಿ ಊರೂರಿಗಿ ಮುಟ್ಟಸ್ತಿ, ಬಾ, ಗಾಡಿನೂ ನೋಡು” ಎಂದು ಕಾಶಮ್ಮನನ್ನೂ ಕೈಹಿಡಿದು ಎಳೆದು ಕೂರಿಸಿದಳು. ಡಿಕ್ಕಿಯಲ್ಲಿ ನಾನು ಹಿತ್ತಾಳೆಯ ಹಂಡೆಗಳನ್ನು ತುಂಬಿದೆ. ಆ ವಾರವೆಲ್ಲ ಮುಡಬಿ ರಸ್ತೆಯ ಏರುಗಳನ್ನು ಹತ್ತಿಸಿದೆ, ಇಳಿಸಿದೆ, ನಲವತ್ತಕ್ಕೆ ಒಯ್ದೆ, ಐವತ್ತಕ್ಕೆ ಮುಟ್ಟಿಸಿದೆ. ಹೊಗೆ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಆದರೆ ಪೂರಾ ಹೋಗಲಿಲ್ಲ. ಭಾನುವಾರ ಬೆಳಿಗ್ಗೆಯೂ ಚಾಲೂ ಮಾಡಿದಾಗ ಒಂದು ಎಳೆ ಕಂಡಿತು. ಅಂದು ನನಗೆ ಊಟ ರುಚಿಸಲಿಲ್ಲ.

ಸೋಮವಾರ ನಾನೂ ಅತ್ತಿಯೂ ಹುಮನಾಬಾದಕ್ಕೆ ಹೋದೆವು. ಉಣಿಸುವುದು, ಉಡಿ ತುಂಬುವುದು ಎಲ್ಲ ಮುಗಿದ ಮೇಲೆ ಕಸ್ತೂರಿಬಾಯಿ ತಮ್ಮ ಕರಾರು ಹೇಳಿದರು: “ನಾನೂ ಬರ್ತೀನ್ರಿ ಬೀಗ್ರ. ಹಿಂದಿನ ಗಾಜಿನಾಗ ನೋಡ್ಕೋತ ಕೂಡ್ತೀನಿ. ಹೊಗಿ ಕಂಡಿತು ಅಂದ್ರ ರಾಜೇಶ್ವರದಾಗ ಇಳಿದು ನಮ್ಮ ಗಾಡಿ ಕರಸ್ತೀನಿ. ಆಮ್ಯಾಲ ಸಿಟ್ಟಾಗಬಾರದು.” ಸುವರ್ಣಾ ನನ್ನ ಮುಖ ನೋಡಿದಳು. “ಅಪ್ಪಾ, ನೀ ಸುಮ್ನ ಹೊಡಿ” ಎಂದಷ್ಟೇ ಅಂದಳು. ಹಿಂದೆ ಮಗಳು, ಅವಳ ಮಡಿಲಲ್ಲಿ ಕುಂಚಿಗೆ ಕಟ್ಟಿಕೊಂಡ ಮೊಮ್ಮಗಳು, ಪಕ್ಕದಲ್ಲಿ ಹಿಂದುಮುಂದಾಗಿ ತಿರುಗಿ ಕೂತ ಬೀಗಿತ್ತಿ. ಮುಂದೆ ಅತ್ತಿ. ಮೇಲೆ ತೊಟ್ಟಿಲು, ಹಾಸಿಗೆ. ಡಿಕ್ಕಿಯಲ್ಲಿ ಬೀಗರು ಕೊಟ್ಟ ತೊಗರಿಬೇಳೆ, ಬೆಲ್ಲದ ಪೆಂಟೆ. ಗಾಡಿ ಹೊರಟಾಗ ನನ್ನ ಬಾಯಲ್ಲಿ ಶರಣರ ನೆನಪು, ಕಣ್ಣು ಕನ್ನಡಿಯಲ್ಲಿ ಕಾಣುವ ಬೀಗಿತ್ತಿಯ ತುರುಬಿನ ಮೇಲೆ. ಆ ತುರುಬು ಅಲುಗಾಡಿದರೆ ನನ್ನ ಜೀವ ಅಲುಗಾಡುತ್ತಿತ್ತು.

ರಾಜೇಶ್ವರ ಹತ್ತಿರ ಬಂದಿತ್ತು. ಒಂದು ಏರು. ನಮ್ಮ ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆದುಕೊಂಡು ಏದುಸಿರು ಬಿಡುತ್ತ ಹತ್ತುತ್ತಿತ್ತು. ಅದರ ಕೊಳವೆಯಿಂದ ಬಂದ ಕರಿಹೊಗೆ ಸೀದಾ ನಮ್ಮ ಗಾಡಿಯೊಳಗೆ ನುಗ್ಗಿತು. ಕೂಸು ಸೀನಿತು. “ಬಂತು ನೋಡ್ರಿ ಹೊಗಿ! ನಿಲ್ಲಸ್ರಿ!” ಎಂದು ಕೂಗಿದರು ಕಸ್ತೂರಿಬಾಯಿ. ಅದು ಟ್ರ್ಯಾಕ್ಟರಿಂದು ಅಕ್ಕಾರ ಎಂದರೂ ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಿಲ್ಲಿಸಿದರೆ ರಾಜೇಶ್ವರವೇ ಗತಿ. ಹಿಂದೆಯೇ ಉಳಿದರೆ ಇದೇ ಹೊಗೆ. ಎದುರಿನಿಂದ ಬರುವ ಗಾಡಿಗಳ ರಸ್ತೆ ಬೇರೆಯೇ ಇತ್ತು, ನಮ್ಮ ಬಲಬದಿ ಏರಿನ ನೆತ್ತಿಯವರೆಗೆ ಖಾಲಿ ಇತ್ತು. ಮುಡಬಿ ಅತ್ತಿ, ಕೆಂಡದ ಮಡಕೆ ಹಿಡಿದು ಮೂರು ಸುತ್ತು ಬರುತ್ತಿದ್ದ ಅದೇ ಅತ್ತಿ, ಡ್ಯಾಶ್‌ಬೋರ್ಡ್ ಬಡಿದು, “ಶರಣ್ಯಾ, ಏನ್ ನೋಡ್ತಿ? ಎಳಿ!” ಎಂದು ನನ್ನ ಹೆಸರು ಹಿಡಿದು ಕೂಗಿದಳು.

ನಾನು ಗೇರು ಇಳಿಸಿ ಪೆಡಲನ್ನು ಒತ್ತಿದೆ. ಐದು ಜೀವ, ಒಂದು ತೊಟ್ಟಿಲು, ಒಂದು ಪೆಂಟೆ ಬೆಲ್ಲ ಹೊತ್ತುಕೊಂಡು ಆ ಮುದಿ ಗಾಡಿ ಏರಿನಲ್ಲಿ ಎಳೆಯಿತು ನೋಡಿ, ಮೊದಲ ಟ್ರೇಲರು ಹಿಂದೆ ಬಿತ್ತು, ಎರಡನೆಯದು ಹಿಂದೆ ಬಿತ್ತು, ಟ್ರ್ಯಾಕ್ಟರಿನ ಹಾಡೂ ಹಿಂದೆ ಬಿತ್ತು. ಮುಳ್ಳು ಐವತ್ತನ್ನು ದಾಟಿದ್ದನ್ನು ನಾನು ನೋಡಲಿಲ್ಲ ಎಂದು ಗೌಸನಿಗೆ ಹೇಳಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ, ನೋಡಿದೆ. ಏರು ಮುಗಿದ ಮೇಲೆ ಕಾಲು ತೆಗೆದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ನಾನು ಕನ್ನಡಿಯಲ್ಲಿ ಬೀಗಿತ್ತಿಯ ತುರುಬನ್ನು ನೋಡುತ್ತಿದ್ದೆ. ಅವರು ಹಿಂದಿನ ಗಾಜನ್ನು ಸೆರಗಿನಿಂದ ಒರೆಸಿದರು. ಮತ್ತೆ ನೋಡಿದರು.

“ಹೊಗಿ ಇಲ್ರಿ ಬೀಗ್ರ” ಎಂದರು, ಸ್ವಲ್ಪ ನಿರಾಶೆಯಿಂದಲೇ. ಆಮೇಲೆ ಮುಂದಕ್ಕೆ ತಿರುಗಿ ಸರಿಯಾಗಿ ಕೂತರು. ರಾಜೇಶ್ವರ ಬಂದದ್ದೂ ಹೋದದ್ದೂ ಅವರಿಗೆ ತಿಳಿಯಲಿಲ್ಲ. ಸುವರ್ಣಾ ಮುಸಿಮುಸಿ ನಗುತ್ತಿದ್ದಳು. ಇಂಜಿನ್ನಿನ ಹಳೆಯ ಗಡಗಡ ಸದ್ದೂ ಆ ಏರಿನ ಆಚೆಗೇ ಉಳಿದು, ಗಾಡಿ ಸದ್ದಿಲ್ಲದೆ ಉರುಳುತ್ತಿತ್ತು. ಕೂಸು ನಿದ್ದೆ ಹೋಗಿತ್ತು. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಹೇಳಲು ಬಾಂಡೆ ಅಂಗಡಿಯವನ ಹತ್ತಿರ ಮಾತಿಲ್ಲ.

ಬಸವಕಲ್ಯಾಣ ಬಂತು, ನಮ್ಮ ಓಣಿಯ ತಿರುವು ಬಂತು. ಬಾಣಂತಿಯೂ ಕೂಸೂ ಬಂದಾಗ ಬಾಗಿಲಲ್ಲಿಯೇ ರೊಟ್ಟಿಯ ತುಣುಕು ನಿವಾಳಿಸಿ ಒಗೆದು, ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಳ್ಳಬೇಕು. ಮಹಾದೇವಿಗೆ ಬೆಳಿಗ್ಗೆಯೇ ಹೇಳಿ ಹೋಗಿದ್ದೆ. ಬೀಗಿತ್ತಿಯ ಕಣ್ಣೆದುರು ನಮ್ಮ ಮನೆಯ ಮರ್ಯಾದೆ ಹೇಗಿರುತ್ತದೆ ನೋಡಲಿ ಎಂದು ಸ್ಟೈಲಾಗಿ ತಿರುಗಿಸಿದೆ, ಮತ್ತು ಗಕ್ಕನೆ ಬ್ರೇಕು ಹಾಕಿದೆ. ನಡುಬೀದಿಯಲ್ಲಿ ಕಾಶಮ್ಮನ ಸಂಡಿಗೆ ಚಾಪೆ ಹಾಸಿತ್ತು. ಕಾಶಮ್ಮ ನಮ್ಮ ಕಡೆ ಬೆನ್ನು ಮಾಡಿ ಕಾಗೆ ಓಡಿಸುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ. ಅವಳ ಆಚೆಗೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಆರತಿ ಇಲ್ಲ, ನೀರಿನ ತಂಬಿಗೆ ಇಲ್ಲ, ಒಂದು ನರಪಿಳ್ಳೆಯೂ ಇಲ್ಲ. ಹಾರ್ನಿನ ಮೇಲೆ ಕೈ ಇಟ್ಟೆ. “ಕೂಸು ಏಳ್ತದ!” ಎಂದು ಮೂವರು ಹೆಂಗಸರೂ ಒಟ್ಟಿಗೆ ಪಿಸುಗುಟ್ಟಿದರು.

ಗಾಡಿಯನ್ನು ಅಲ್ಲಿಯೇ ಬಿಟ್ಟು, ಸಂಡಿಗೆ ತುಳಿಯದಂತೆ ಗೋಡೆಗುಂಟ ನಡೆದು ಹೋಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ಬಾಗಿಲನ್ನು ನಾನೇ ಬಡಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅವ್ರು ಮನ್ಯಾಗಿಲ್ರಿ!” ಎಂದು ಮಹಾದೇವಿ ಅಡುಗೆಮನೆಯಿಂದಲೇ ಕೂಗಿದಳು. “ಮಗಳನ್ನ ಕರ್ಕೊಂಡು ಬರಾಕ ಹುಮನಾಬಾದಕ್ಕ ಹೋಗ್ಯಾರ. ಅವ್ರು ಬಂದ್ರ ಓಣಿಗೆಲ್ಲಾ ಗೊತ್ತಾಗ್ತದ, ಆಗ ಬರ್ರಿ!”

ಎಷ್ಟು ಖಾತ್ರಿಯಿಂದ ಹೇಳಿದಳೆಂದರೆ, “ಆಯ್ತ್ರಿ, ಆಮ್ಯಾಲ ಬರ್ತೀನಿ” ಎಂದು ನಾನು ಎರಡು ಮೆಟ್ಟಿಲು ಇಳಿದೇಬಿಟ್ಟಿದ್ದೆ.